ತಾರಸಿ ರೂಮಿನ ಚಳಿಗೆ ಹೀಟರ್ ಕೊನೆಯ ಮದ್ದು

ಧನುರ್ಮಾಸ ಬಂತೆಂದರೆ ಬಿಟಿಎಂ ಲೇಔಟ್, ಜೆ.ಪಿ. ನಗರ, ಬನಶಂಕರಿಯ ತಾರಸಿ ರೂಮುಗಳಲ್ಲಿ ಇರುವವರದ್ದು ಒಂದೇ ದೂರು. ಕೆಳಗಿನ ಮನೆಯವರು ಒಂದೇ ರಗ್ಗಿನಲ್ಲಿ ಹಾಯಾಗಿ ಮಲಗಿರುತ್ತಾರೆ. ಮೇಲಿನ ರೂಮಿನವರಿಗೆ ಎರಡು ರಗ್ಗು ಹೊದ್ದರೂ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ. ಗೋಡೆ ಮುಟ್ಟಿದರೆ ತಣ್ಣಗೆ, ಹಾಸಿಗೆ ಮುಟ್ಟಿದರೆ ಒದ್ದೆ ಒದ್ದೆ. ಮಾರನೆಯ ದಿನ ಹೀಟರ್ ಕೊಳ್ಳುವ ಮಾತು ಶುರುವಾಗುತ್ತದೆ. ತಿಂಗಳ ಕೊನೆಗೆ ಕರೆಂಟ್ ಬಿಲ್ ಏರುತ್ತದೆ, ಚಳಿ ಮಾತ್ರ ಅಷ್ಟೇ ಇರುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಚಳಿ ಹೊಸದಲ್ಲ. ನಗರದ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಈಗಿನ ಜನವರಿ ರಾತ್ರಿಗಳು ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತವೆ, ಕೆಲವು ದಿನ ಇನ್ನೂ ಕೆಳಗಿಳಿಯುತ್ತವೆ. ಇದು ಮನೆಗೆ ಬೆಂಕಿ ಹಾಕಿ ಕಾಯಿಸಬೇಕಾದಂಥ ಚಳಿಯೇನಲ್ಲ. ಹಗಲಿನ ಬಿಸಿಲು ಕೊಟ್ಟ ಶಾಖವನ್ನು ರಾತ್ರಿಯವರೆಗೆ ಹಿಡಿದಿಟ್ಟುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಮೇಲಿನ ರೂಮಿಗೇ ಏಕೆ ಇಷ್ಟು ಚಳಿ?

ಕೆಳಗಿನ ಮನೆಗೆ ಮೇಲೊಂದು ಮನೆ, ಪಕ್ಕದಲ್ಲಿ ಇನ್ನೊಂದು ಮನೆ. 30×40 ಸೈಟುಗಳ ಬೀದಿಯಲ್ಲಿ ಗೋಡೆಗೆ ಗೋಡೆ ಒತ್ತಿಕೊಂಡಿರುವುದರಿಂದ ಒಂದರ ಶಾಖ ಇನ್ನೊಂದಕ್ಕೆ. ತಾರಸಿಯ ರೂಮು ಮಾತ್ರ ನಾಲ್ಕು ಕಡೆಯಿಂದಲೂ ಗಾಳಿಗೆ, ಮೇಲಿನಿಂದ ಆಕಾಶಕ್ಕೆ ಒಡ್ಡಿಕೊಂಡಿರುತ್ತದೆ. ಮೋಡವಿಲ್ಲದ ರಾತ್ರಿ ಮೇಲ್ಛಾವಣಿ ತನ್ನ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಡಿಸೆಂಬರಿನಲ್ಲಿ ನಕ್ಷತ್ರ ಚೆನ್ನಾಗಿ ಕಾಣುವ ರಾತ್ರಿಗಳೇ ಹೆಚ್ಚು ತಣ್ಣಗಿರುವುದು ಇದೇ ಕಾರಣಕ್ಕೆ.

ಆರ್‌ಸಿಸಿ ಛಾವಣಿ ಹಗಲಿನ ಶಾಖವನ್ನು ಕುಡಿದು ಕತ್ತಲಾದ ಮೇಲೂ ಕೆಲವು ಗಂಟೆ ಬಿಡುತ್ತಿರುತ್ತದೆ. ಹಾಗಾಗಿ ಅಲ್ಲಿ ಚಳಿ ಕಾಡುವುದು ನಸುಕಿನಲ್ಲಿ. ತಗಡು ಅಥವಾ ಸಿಮೆಂಟ್ ಶೀಟಿಗೆ ಆ ಶಕ್ತಿ ಇಲ್ಲ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಆ ತಣ್ಣನೆಯ ಶೀಟಿನ ಕೆಳಗೆ ಮಲಗಿದವರ ಮೈಶಾಖ ಅದರತ್ತ ಹರಿಯುತ್ತಲೇ ಇರುತ್ತದೆ. ಥರ್ಮಾಮೀಟರ್ 18 ಡಿಗ್ರಿ ತೋರಿಸಿದರೂ ಮೈಗೆ 15 ಅನ್ನಿಸುವುದು ಅದಕ್ಕೇ.

ಇನ್ನೊಂದು ಶತ್ರು ತೇವ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ; 10 ಡಿಗ್ರಿಗೆ ಇಳಿದರೆ ಸುಮಾರು 9 ಗ್ರಾಂ ಮಾತ್ರ. ಹಿಡಿಯಲಾಗದ್ದು ತಣ್ಣನೆಯ ಜಾಗ ಹುಡುಕಿ ನೀರಾಗುತ್ತದೆ. ಶೀಟಿನ ಒಳಮೈ, ಕಿಟಕಿಯ ಗಾಜು, ಬೀರುವಿನ ಹಿಂದಿನ ಗೋಡೆ, ಹಾಸಿಗೆಯ ಅಡಿ, ಎಲ್ಲೆಲ್ಲೂ ಅದೇ ಕಥೆ. ಒದ್ದೆಯಾದ ಹೊದಿಕೆ ಬೆಚ್ಚಗಿಡುವುದಿಲ್ಲ.

ತಣ್ಣನೆಯ ಕಡಲಿನಲ್ಲಿ ಹಾಯಿದೋಣಿಯ ಪುಟ್ಟ ಕ್ಯಾಬಿನ್ನಿನಲ್ಲಿ ಚಳಿಗಾಲ ಕಳೆಯುವವರ ಪಾಡೂ ಇದೇ: ತೆಳು ಗೋಡೆ, ಹಾಸಿಗೆಯಡಿ ನೀರು, ಮುಚ್ಚಿದ ಜಾಗದಲ್ಲಿ ಬೆಂಕಿಯ ಭಯ. ಮೊದಲು ಗಾಳಿ ತಡೆ, ಆಮೇಲೆ ತೇವ ಹೊರಗೆ, ಕೊನೆಗೆ ಶಾಖ. ಅವರ ಈ ಕ್ರಮ ತಾರಸಿ ರೂಮಿಗೂ ಹೇಳಿ ಮಾಡಿಸಿದಂತಿದೆ.

ಮಾಡಬೇಕಾದ್ದು, ಮಾಡಬೇಕಾದ ಕ್ರಮದಲ್ಲಿ

1. ಊದುಬತ್ತಿ ಹಿಡಿದು ಸಂದು ಹುಡುಕಿ

ಗಾಳಿ ಬೀಸುವ ಒಂದು ರಾತ್ರಿ ಫ್ಯಾನ್ ನಿಲ್ಲಿಸಿ, ಬಾಗಿಲು-ಕಿಟಕಿ ಹಾಕಿ, ಒಂದು ಊದುಬತ್ತಿ ಹಚ್ಚಿ. ಅದನ್ನು ಬಾಗಿಲ ಅಡಿ, ಕಿಟಕಿ ಚೌಕಟ್ಟಿನ ಸುತ್ತ, ಕೇಬಲ್ ಒಳಗೆ ಬಂದಿರುವ ತೂತಿನ ಹತ್ತಿರ ನಿಧಾನಕ್ಕೆ ಒಯ್ಯಿರಿ. ಹೊಗೆ ನೆಟ್ಟಗೆ ಮೇಲೆದ್ದರೆ ಅಲ್ಲಿ ತೊಂದರೆಯಿಲ್ಲ. ತಟ್ಟನೆ ಒಳಕ್ಕೆ ಬಾಗಿದರೆ ಅಲ್ಲೊಂದು ಸಂದಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪರದೆಗೆ ಕಿಡಿ ತಾಕದಂತೆ ಮೊದಲೇ ಅದನ್ನು ಮೇಲಕ್ಕೆ ಕಟ್ಟಿಕೊಳ್ಳಿ.

ಶೀಟಿನ ಮನೆಯಾದರೆ ಏಣಿ ಹತ್ತಿ ನೋಡಲೇಬೇಕಾದ ಜಾಗ ಒಂದಿದೆ. ಶೀಟು ಗೋಡೆಯ ಮೇಲೆ ಕೂರುವ ಕಡೆ, ಅದರ ಪ್ರತಿ ಅಲೆಯ ಕೆಳಗೂ ಅರ್ಧಚಂದ್ರದ ಆಕಾರದ ಒಂದೊಂದು ಕಿಂಡಿ ಉಳಿದಿರುತ್ತದೆ. ಹಿಂದೆ ಇದ್ದವರು ತುರುಕಿದ ದಿನಪತ್ರಿಕೆಯ ಉಂಡೆ ಹಳದಿಯಾಗಿ, ಅರ್ಧ ಇಲಿ ಕಡಿದು, ಅಲ್ಲೇ ಸಿಕ್ಕಿಕೊಂಡಿರುವುದೂ ಉಂಟು. ಒಂದೊಂದು ಕಿಂಡಿ ಚಿಕ್ಕದು, ಆದರೆ ಸಾಲಿಗೆ ಹತ್ತಿಪ್ಪತ್ತು ಸೇರಿದರೆ ಒಂದು ಕಿಟಕಿ ರಾತ್ರಿಯಿಡೀ ತೆರೆದಿಟ್ಟಂತೆ.

2. ಪೂರ್ವ, ಈಶಾನ್ಯ ಮೊದಲು ಮುಚ್ಚಿ

ಚಳಿಗಾಲದಲ್ಲಿ ನಮ್ಮೂರಿಗೆ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಸಮಯವಾಗಲಿ ದುಡ್ಡಾಗಲಿ ಕಡಿಮೆ ಇದ್ದರೆ ಆ ಎರಡು ಬದಿಯಿಂದ ಶುರು ಮಾಡಿ.

ಕಿಟಕಿ ಚೌಕಟ್ಟಿಗೆ ಅಂಟಿಸುವ ಫೋಮ್ ಟೇಪ್, ಬಾಗಿಲಡಿಗೆ ಹಾಕುವ ರಬ್ಬರ್ ಪಟ್ಟಿ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಟೇಪ್ ಅಂಟಿಸುವ ಮುಂಚೆ ಚೌಕಟ್ಟಿನ ಧೂಳು, ಎಣ್ಣೆಜಿಡ್ಡು ಒರೆಸಿ ಒಣಗಿಸಿ. ಇಲ್ಲದಿದ್ದರೆ ವಾರದಲ್ಲಿ ಕಿತ್ತು ಬರುತ್ತದೆ. ಅದೂ ಬೇಡವೆಂದರೆ ಹಳೆ ಪ್ಯಾಂಟಿನ ಕಾಲು ಕತ್ತರಿಸಿ, ಮರಳು ಅಥವಾ ಬಟ್ಟೆಚೂರು ತುಂಬಿ, ಎರಡು ತುದಿ ಹೊಲಿದು ಹೊಸ್ತಿಲಿಗೆ ಒತ್ತಿಡಿ. ಶೀಟಿನ ಕಿಂಡಿಗಳಿಗೆ ಫೋಮ್ ತುಂಡು ಅಥವಾ ಗಾರೆ ಮೇಲು. ಕಾಗದ ತೇವ ಹೀರಿ ಕುಗ್ಗುತ್ತದೆ.

ಎಲ್ಲವನ್ನೂ ಮುಚ್ಚಬೇಡಿ. ಗಾಳಿ ಬೀಸದ ಪಶ್ಚಿಮ ಅಥವಾ ದಕ್ಷಿಣದ ಬದಿಯಲ್ಲಿ, ಮೇಲ್ಗಡೆ, ಜಾಲರಿ ಹಾಕಿದ ಒಂದು ವೆಂಟಿಲೇಟರ್ ಸದಾ ತೆರೆದಿರಲಿ. ನಿಮ್ಮ ಉಸಿರಿನ ತೇವ ಹೊರಹೋಗುವ ದಾರಿ ಅದು.

3. ಬಿಸಿಲನ್ನು ಒಳಗೆ ಕರೆದು, ಐದಕ್ಕೆ ಬಾಗಿಲು ಹಾಕಿ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬರುವುದಿಲ್ಲ. ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೇಸಿಗೆಯಲ್ಲಿ ಒಳಬಾರದ ಬಿಸಿಲು ಈಗ ದಕ್ಷಿಣದ ಕಿಟಕಿಯಿಂದ ನೆಲದವರೆಗೆ ಇಳಿಯುತ್ತದೆ. ತಾರಸಿ ರೂಮಿಗೆ ಅಡ್ಡ ನಿಲ್ಲುವ ಕಟ್ಟಡ ಕಡಿಮೆ. ಕೆಳಗಿನ ಮನೆಯವರಿಗಿಲ್ಲದ ಈ ಒಂದು ಅನುಕೂಲ ನಿಮಗಿದೆ.

ಬೆಳಗ್ಗೆ ಹತ್ತರ ಸುಮಾರಿಗೆ ದಕ್ಷಿಣದ ಪರದೆ ಪೂರ್ತಿ ಸರಿಸಿ. ಬಿಸಿಲು ಬೀಳುವ ನೆಲದ ಮೇಲಿನ ಚಾಪೆ, ಜಮಖಾನ ಸುತ್ತಿಡಿ; ನೆಲ, ಗೋಡೆ ಬಿಸಿಲು ಕುಡಿಯಲಿ. ಸಂಜೆ ಐದಕ್ಕೆ ಕಿಟಕಿ ಹಾಕಿ ಪರದೆ ಎಳೆದು ಚಾಪೆ ಹಾಸಿ. ಮಡಿವಾಳ ಕೆರೆ, ಸಾರಕ್ಕಿ ಕೆರೆಯ ಸುತ್ತಮುತ್ತ ಇರುವವರು ಸೊಳ್ಳೆಗೆ ಹೆದರಿ ಹೇಗೂ ಆ ಹೊತ್ತಿಗೆ ಕಿಟಕಿ ಹಾಕುತ್ತಾರೆ. ಹಗಲಿಡೀ ಕೆಲಸಕ್ಕೆ ಹೋಗುವವರು ಜಾಲರಿಯ ಕಿಟಕಿಯಾದರೆ ಪರದೆ ಸರಿಸಿ, ಗಾಜು ಹಾಕಿ ಹೊರಡಿ.

4. ಶೀಟಿಗೂ ನಿಮಗೂ ನಡುವೆ ಒಂದು ಪದರ

ಕದಲದ ಗಾಳಿಯಷ್ಟು ಅಗ್ಗದ ಶಾಖತಡೆ ಇನ್ನೊಂದಿಲ್ಲ. ಶೀಟಿನಿಂದ ಅರ್ಧ ಅಡಿ ಕೆಳಗೆ ಒಂದು ಗೋಡೆಯಿಂದ ಇನ್ನೊಂದಕ್ಕೆ ತಂತಿ ಬಿಗಿದು, ಅದರ ಮೇಲೆ ದಪ್ಪ ಬಟ್ಟೆ ಅಥವಾ ಬಿದಿರಿನ ಚಾಪೆ ಹಾಸಿದರೆ ನಡುವಿನ ಗಾಳಿ ಪದರ ಕೆಲಸ ಮಾಡುತ್ತದೆ. ಕನಿಷ್ಠ ಹಾಸಿಗೆಯ ಮೇಲಾದರೂ ಕಟ್ಟಿ. ದಪ್ಪ ಬಟ್ಟೆಯ ಸೊಳ್ಳೆಪರದೆಯ ಮೇಲ್ಹೊದಿಕೆಯೂ ಇದೇ ಉಪಕಾರ ಮಾಡುತ್ತದೆ.

ಓನರ್ ಒಪ್ಪಿ ಖರ್ಚು ಮಾಡುವುದಾದರೆ ಜಿಪ್ಸಂ ಅಥವಾ ಪಿವಿಸಿ ಫಾಲ್ಸ್ ಸೀಲಿಂಗ್, ಅದರ ಮೇಲೆ ಶಾಖತಡೆ ಹಾಳೆ ಹಾಕಿಸುವುದು ಒಳ್ಳೆಯದು. ಬರೀ ಥರ್ಮೋಕೋಲ್ ಹಾಳೆ ಅಂಟಿಸುವ ಸಲಹೆ ಕೇಳಬೇಡಿ. ಅದು ಬೇಗ ಹೊತ್ತಿಕೊಳ್ಳುತ್ತದೆ, ಹೊಗೆ ವಿಷ. ಒಂದೇ ಕೋಣೆಯಲ್ಲಿ ಅಡುಗೆಯೂ ನಡೆಯುವ ಮನೆಗಂತೂ ಬೇಡವೇ ಬೇಡ. ಬಟ್ಟೆಯ ಪದರವೂ ಒಲೆಯ ಮೇಲ್ಭಾಗಕ್ಕೆ ಬರಕೂಡದು. ಹಳೆಯ ಆಸ್ಬೆಸ್ಟಾಸ್ ಶೀಟಾದರೆ ತೂತು ಕೊರೆಯುವುದು, ಉಜ್ಜುವುದು, ಒಡೆಯುವುದು ಮಾಡಬೇಡಿ. ಅದರ ನಾರಿನ ಧೂಳು ಶ್ವಾಸಕೋಶಕ್ಕೆ ಅಪಾಯ.

5. ಹಾಸಿಗೆಯ ಅಡಿ ನೋಡಿ

ಬ್ಯಾಚುಲರ್ ರೂಮುಗಳಲ್ಲಿ ಹಾಸಿಗೆ ನೇರ ಟೈಲ್ಸಿನ ಮೇಲೆ. ಮೈಯಿಂದ ಹೊರಟ ಆವಿ ಹಾಸಿಗೆಯೊಳಗಿಂದ ಇಳಿದು, ತಣ್ಣನೆ ನೆಲ ಮುಟ್ಟಿ, ಅಲ್ಲೇ ನೀರಾಗುತ್ತದೆ. ಫೋಮ್ ಹಾಸಿಗೆಯನ್ನು ಒಮ್ಮೆ ಮಗುಚಿ ನೋಡಿ. ಸೊಂಟ, ಬೆನ್ನು ಬರುವ ಜಾಗದಲ್ಲಿ ಕಪ್ಪು ಚುಕ್ಕಿ ಬೂಷ್ಟು ಕಂಡರೆ ಕಾರಣ ಇದೇ.

ಮಂಚ ಇಲ್ಲದಿದ್ದರೆ ಮರದ ಪಟ್ಟಿಗಳ ಪ್ಯಾಲೆಟ್ ಹಾಕಿ. ಅಡಿಯಲ್ಲಿ ಗಾಳಿ ಆಡಬೇಕು. ಅದೂ ಸಿಗದಿದ್ದರೆ ಎರಡು ಚಾಪೆ, ಅದರ ಮೇಲೆ ಹಾಸಿಗೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ವಾರಕ್ಕೊಮ್ಮೆ ತಾರಸಿಯ ಬಿಸಿಲಿಗೆ ಹಾಕಿ. ಮಂಚ ಹೊರಗೋಡೆಗೆ ಒತ್ತಿಕೊಂಡಿರದೆ ಒಂದು ಗೇಣು ಈಚೆಗಿರಲಿ. ಮೆಟ್ಟಿಲ ಕಡೆಯ ಅಥವಾ ಪಕ್ಕದ ರೂಮಿನ ಗೋಡೆಯ ಹತ್ತಿರ ಮಲಗುವುದು ಎಲ್ಲಕ್ಕಿಂತ ಬೆಚ್ಚಗೆ.

6. ಹೊದಿಯುವುದರಷ್ಟೇ ಹಾಸುವುದೂ ಮುಖ್ಯ

ಮೇಲೆ ಮೂರು ಹೊದ್ದು, ಕೆಳಗೆ ಒಂದು ಬೆಡ್‌ಶೀಟ್ ಹಾಸಿ ಮಲಗಿದರೆ ಶಾಖ ಕೆಳಗಿನಿಂದ ಸೋರುತ್ತದೆ. ಉತ್ತರ ಕರ್ನಾಟಕದ ಮನೆಗಳಿಂದ ಬಂದವರ ಬಳಿ ಕೌದಿ ಇದ್ದರೆ ಅದನ್ನು ಹೊದಿಯುವ ಬದಲು ಹಾಸಿ ನೋಡಿ. ಹಳೆ ಸೀರೆ, ಪಂಚೆಗಳ ಹತ್ತಾರು ಪದರ ಸೇರಿಸಿ ಹೊಲಿದ ಕೌದಿ ಮೈಭಾರಕ್ಕೆ ಪೂರ್ತಿ ಚಪ್ಪಟೆಯಾಗುವುದಿಲ್ಲ.

ಹೊದಿಕೆಯಲ್ಲಿ ಮೈಗೆ ತಾಗುವಂತೆ ಹತ್ತಿಯ ಹೊದಿಕೆ, ಅದರ ಮೇಲೆ ಉಣ್ಣೆ. ನಮ್ಮ ಕುರಿ ಉಣ್ಣೆಯ ಕಂಬಳಿ, ಚಳ್ಳಕೆರೆ ಕಡೆ ಕುರುಬ ಸಮುದಾಯದವರು ನೇಯುವಂಥದ್ದು, ಮೈಗೆ ಚುಚ್ಚುತ್ತದೆ ನಿಜ. ಆದರೆ ಸ್ವಲ್ಪ ತೇವ ಹೀರಿದರೂ ಬೆಚ್ಚಗಿಡುವ ಗುಣ ಅದಕ್ಕಿದೆ. ಹತ್ತಿ ಒದ್ದೆಯಾದರೆ ಮುಗಿಯಿತು. ಕಾಲುಚೀಲ, ಕಿವಿ ಮುಚ್ಚುವ ಟೋಪಿ ಒಂದು ರಗ್ಗಿಗೆ ಸಮ.

ಬಿಸಿನೀರಿನ ರಬ್ಬರ್ ಚೀಲವನ್ನು ಮಲಗುವ ಕಾಲು ಗಂಟೆ ಮುಂಚೆ ಹೊದಿಕೆಯೊಳಗೆ ಕಾಲಿನ ಕಡೆ ಇಡಿ. ಕುದಿಯುವ ನೀರು ಹಾಕಬೇಡಿ, ಮುಕ್ಕಾಲು ತುಂಬಿಸಿ ಗಾಳಿ ಹೊರದೂಡಿ ಬಿರಡೆ ಬಿಗಿಯಿರಿ, ಬಟ್ಟೆ ಸುತ್ತಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಅಂಥವರು, ಪುಟ್ಟ ಮಕ್ಕಳು ಮಲಗುವ ಮುನ್ನ ಚೀಲ ತೆಗೆದುಬಿಡಿ.

7. ತೇವವನ್ನು ಹೊರಗೆ ಕಳಿಸಿ

ಒಬ್ಬ ಮನುಷ್ಯ ರಾತ್ರಿ ಮಲಗಿದ್ದಾಗ ಉಸಿರು, ಬೆವರಿನಲ್ಲಿ ಒಂದು ದೊಡ್ಡ ಲೋಟದಷ್ಟು ನೀರು ಬಿಡುತ್ತಾನೆ. ಒಂದು ಬಕೆಟ್ ಒಗೆದ ಬಟ್ಟೆಯಿಂದ ಒಂದು ಲೀಟರಿಗೂ ಹೆಚ್ಚು ಆವಿಯಾಗುತ್ತದೆ. ಹಾಗಾಗಿ:

- ಬಟ್ಟೆ ರೂಮಿನೊಳಗೆ ಒಣಗಿಸಬೇಡಿ. ಹಗಲು ತಾರಸಿಯಲ್ಲಿ ಹಾಕಿ, ಇಬ್ಬನಿ ಬೀಳುವ ಮುಂಚೆ ತೆಗೆಯಿರಿ.
- ಅನ್ನ, ಸಾರು ಮುಚ್ಚಳ ಹಾಕಿ ಬೇಯಿಸಿ. ಒಲೆಯ ಪಕ್ಕದ ಕಿಟಕಿ ತೆರೆದಿರಲಿ.
- ಸ್ನಾನವಾದ ಮೇಲೆ ಬಾತ್‌ರೂಮಿನ ಬಾಗಿಲು ಹಾಕಿ, ಅದರ ವೆಂಟಿಲೇಟರ್ ತೆರೆದಿಡಿ.
- ಎದ್ದ ಕೂಡಲೇ ಎದುರುಬದುರಿನ ಎರಡು ಕಿಟಕಿ ಐದು ನಿಮಿಷ ಪೂರ್ತಿ ತೆರೆದು ಮುಚ್ಚಿ. ರಾತ್ರಿಯ ಆವಿಯೆಲ್ಲ ಹೊರಟುಹೋಗುತ್ತದೆ; ಅಷ್ಟರಲ್ಲಿ ಗೋಡೆ, ನೆಲ ತಣ್ಣಗಾಗುವುದಿಲ್ಲ. ಹೆಚ್ಚು ಹೊತ್ತು ತೆರೆಯುವುದಿದ್ದರೆ ಮಂಜು ಕರಗಿದ ಮೇಲೆ, ಹತ್ತರ ನಂತರ.

8. ಇಷ್ಟಾದ ಮೇಲೆ ಹೀಟರ್

ಮನೆಯಲ್ಲಿ ಹಿರಿಯರು, ಬಾಣಂತಿ, ಉಬ್ಬಸದವರು ಇದ್ದರೆ ಹೀಟರ್ ಬೇಕಾಗಬಹುದು. ಲೆಕ್ಕ ಸರಳ: 1000 ವಾಟ್ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 800 ವಾಟಿನದ್ದನ್ನು ದಿನಕ್ಕೆ ಎರಡು ಗಂಟೆ ಹಾಕಿದರೆ ತಿಂಗಳಿಗೆ 48 ಯೂನಿಟ್. 2000 ವಾಟಿನದ್ದಾದರೆ 120. ಗೃಹಜ್ಯೋತಿ ಫಲಾನುಭವಿಗಳು ಇಲ್ಲಿ ಹುಷಾರಾಗಿರಬೇಕು. ನಿಮ್ಮ ನಿಗದಿತ ಸರಾಸರಿ ದಾಟಿದರೆ ಹೆಚ್ಚುವರಿಗೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ನಿಮ್ಮದು.

ಸಣ್ಣ ರೂಮಿಗೆ 800 ವಾಟ್ ಸಾಕು. ಮಲಗುವ ಅರ್ಧ ಗಂಟೆ ಮುಂಚೆ ಹಾಕಿ, ಮಲಗುವಾಗ ಆರಿಸಿ. ಸಂದು ಮುಚ್ಚಿದ ರೂಮಿನಲ್ಲಿ ಶಾಖ ನಿಲ್ಲುತ್ತದೆ. ಮುಚ್ಚದ ರೂಮಿನಲ್ಲಿ ರಾತ್ರಿಯಿಡೀ ಉರಿಸಿದರೂ ಬೀದಿಯನ್ನೇ ಕಾಯಿಸಿದಂತೆ. 2000 ವಾಟಿನ ಹೀಟರಿಗೆ 16 ಆಂಪಿಯರಿನ ಪವರ್ ಪಾಯಿಂಟ್ ಬೇಕು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ ವೈರ್ ಕರಗಿ ಬೆಂಕಿ ಹತ್ತಬಹುದು. ಹಾಸಿಗೆ, ಪರದೆ ಹೀಟರಿನಿಂದ ಕನಿಷ್ಠ ಮೂರಡಿ ದೂರವಿರಲಿ.

ಜಾಗ್ರತೆ: ಕೆಂಡ, ಗ್ಯಾಸ್, ಮುಚ್ಚಿದ ಬಾಗಿಲು

ಚಳಿಗೆ ಇದ್ದಿಲಿನ ಅಗ್ಗಿಷ್ಟಿಕೆಯನ್ನೋ ಕೆಂಡದ ಬಾಂಡಲಿಯನ್ನೋ ರೂಮಿನೊಳಗೆ ತಂದಿಟ್ಟು ಬಾಗಿಲು ಹಾಕಿ ಮಲಗುವುದು ಸಾವನ್ನು ಕರೆದಂತೆ. ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿದ್ದವರು ಎಚ್ಚರಗೊಳ್ಳುವುದೇ ಇಲ್ಲ.

ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿ ಕ್ಯಾಬಿನ್ನಿಗೆ ಈ ಮಾತು ಹೆಚ್ಚು ಸಲ್ಲುತ್ತದೆ. ಒಬ್ಬರು ಕೂರುವಷ್ಟು ಜಾಗ, ಸುತ್ತ ತಗಡು, ಫೈಬರ್. ಒಳಗೆ ಒಂದು ಹಿಡಿ ಕೆಂಡವೇ ಸಾಕು ಅನಾಹುತಕ್ಕೆ. ರಟ್ಟು, ಒಣಗಿದೆಲೆ ಸುಟ್ಟು ಮೈ ಕಾಯಿಸುವ ಪಾಡು ಕಾವಲುಗಾರರಿಗೆ ಬರದಂತೆ ನೋಡಿಕೊಳ್ಳುವುದು ಅಸೋಸಿಯೇಷನ್‌ನವರ ಹೊಣೆ. ಕ್ಯಾಬಿನ್ನಿನ ನೆಲಕ್ಕೆ ರಬ್ಬರ್ ಮ್ಯಾಟ್, ಬಾಗಿಲಿಗೆ ಪಟ್ಟಿ, ಒಂದು ಕಂಬಳಿ, ಜರ್ಕಿನ್, ಒಂದು ಫ್ಲಾಸ್ಕ್ ಬಿಸಿ ಟೀ ಕೊಟ್ಟರೆ ಬೆಂಕಿಯ ಅಗತ್ಯವೇ ಬೀಳುವುದಿಲ್ಲ.

ಗ್ಯಾಸ್ ಒಲೆ ಹಚ್ಚಿಟ್ಟು ರೂಮು ಕಾಯಿಸುವುದೂ ಬೇಡ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಗೋಡೆ ಬೆವರುತ್ತದೆ, ಆಮ್ಲಜನಕ ಕರಗುತ್ತದೆ. ಗ್ಯಾಸ್ ಗೀಸರ್ ಇರುವವರು ಇನ್ನೂ ಎಚ್ಚರವಾಗಿರಿ. ಸಣ್ಣ ಬಾತ್‌ರೂಮಿನೊಳಗೆ ಗೀಸರ್ ಉರಿಯುತ್ತಿದ್ದು, ಚಳಿಯೆಂದು ವೆಂಟಿಲೇಟರಿಗೆ ರಟ್ಟು ಅಡ್ಡವಿಟ್ಟರೆ ಅದೇ ವಿಷಾನಿಲ ತುಂಬುತ್ತದೆ. ಗೀಸರ್ ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಒಳಗೇ ಇದ್ದರೆ ಬಕೆಟ್ ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನಕ್ಕಿಳಿಯಿರಿ.

ತಲೆನೋವು, ತಲೆಸುತ್ತು, ವಾಕರಿಕೆ ಒಮ್ಮೆಗೇ ಮನೆಯಲ್ಲಿ ಇಬ್ಬರು ಮೂವರಿಗೆ ಬಂದರೆ ಅನುಮಾನಪಡಿ. ಬಾಗಿಲು ಕಿಟಕಿ ತೆರೆಯಿರಿ, ಎಲ್ಲರೂ ಹೊರಗೆ ಬನ್ನಿ, 108ಕ್ಕೆ ಕರೆ ಮಾಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

- ಫ್ಯಾನ್ ಹಾಕಿಕೊಂಡೇ ಮಲಗುವುದು. ಸದ್ದಿಲ್ಲದೆ ನಿದ್ದೆ ಬರದು, ಸೊಳ್ಳೆ ಬರುತ್ತದೆ ಎಂಬ ಕಾರಣಕ್ಕೆ ಬೆಂಗಳೂರಿಗರು ಚಳಿಯಲ್ಲೂ ಫ್ಯಾನ್ ಬಿಡುವುದಿಲ್ಲ. ಮೈ ಸುತ್ತ ಬೆಚ್ಚಗಾದ ಗಾಳಿಯನ್ನು ಅದು ಹಾರಿಸಿಬಿಡುತ್ತದೆ. ಸೊಳ್ಳೆಗೆ ಪರದೆ ಕಟ್ಟಿ.
- ಮುಸುಕು ಹಾಕಿ ಮಲಗುವುದು. ಉಸಿರಿನ ತೇವ ಹೊದಿಕೆಗೇ ಇಳಿಯುತ್ತದೆ. ತಲೆಗೆ ಟೋಪಿ ಇರಲಿ, ಮೂಗು ಹೊರಗಿರಲಿ. ಎಳೆ ಮಕ್ಕಳ ಮುಖಕ್ಕೆ ಹೊದಿಕೆ ಎಳೆಯಲೇಬಾರದು.
- ಬೂಷ್ಟಿನ ಮೇಲೆ ಬಣ್ಣ ಬಳಿಯುವುದು. ತೇವದ ಮೂಲ ನಿಲ್ಲಿಸದಿದ್ದರೆ ಮುಂದಿನ ಚಳಿಗೆ ಅದು ಮತ್ತೆ ಮೇಲೇಳುತ್ತದೆ. ಬೀರು, ಕಪಾಟು ಹೊರಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ.
- ಸೊಳ್ಳೆಬತ್ತಿ ಹಚ್ಚಿ ಎಲ್ಲ ಮುಚ್ಚುವುದು. ಉಬ್ಬಸಕ್ಕೆ ಇದಕ್ಕಿಂತ ನೇರ ದಾರಿ ಇಲ್ಲ.
- ಛಾವಣಿಗೆ ಬಳಿದ ಬಿಳಿ ಬಣ್ಣವನ್ನು ದೂರುವುದು. ಅದರಿಂದ ಹಗಲಿನ ಶಾಖ ತುಸು ಕಡಿಮೆಯಾಗುವುದು ನಿಜ. ಆದರೆ ನಮ್ಮಲ್ಲಿ ಚಳಿ ಎರಡು ತಿಂಗಳು, ಬಿಸಿಲು ಮೂರು ನಾಲ್ಕು ತಿಂಗಳು. ಬಿಳಿ ಬಣ್ಣ ಇರಲಿ, ಕೆಳಗೆ ಪದರ ಕಟ್ಟಿ.

ಯಾವುದಕ್ಕೆ ಮೊದಲು ದುಡ್ಡು?

ಬಾಡಿಗೆಯವರು ಗೋಡೆಗೆ ಕೈಹಚ್ಚದೆ ಮಾಡಬಹುದಾದ್ದು: ಫೋಮ್ ಟೇಪ್, ಹೊಸ್ತಿಲ ಚೀಲ, ದಪ್ಪ ಪರದೆ, ಚಾಪೆ, ಹಾಸಿಗೆಯಡಿ ಮರದ ಪಟ್ಟಿ. ಇವೆಲ್ಲ ಸೇರಿದರೂ ಒಂದು ಒಳ್ಳೆ ಹೀಟರಿನ ಬೆಲೆಗಿಂತ ಕಡಿಮೆಯಾಗುತ್ತದೆ, ಮನೆ ಬಿಡುವಾಗ ಮುಕ್ಕಾಲು ಪಾಲು ಜೊತೆಗೇ ಒಯ್ಯಬಹುದು. ಓನರನ್ನು ಕೇಳಬೇಕಾದ್ದು: ಶೀಟಿನ ಕಿಂಡಿಗೆ ಗಾರೆ, ಫಾಲ್ಸ್ ಸೀಲಿಂಗ್, ಗೀಸರಿನ ಜಾಗ ಬದಲಾವಣೆ. ಅಗ್ರಿಮೆಂಟ್ ನವೀಕರಿಸುವ ಹೊತ್ತಿಗೆ ಕೇಳಿದರೆ ಮಾತು ನಡೆಯುತ್ತದೆ.

ಚಳಿ ಶಿವರಾತ್ರಿಗೆ ಶಿವಶಿವಾ ಎಂದು ಹೋಗುತ್ತದೆ. ಆಗ ಕಿಟಕಿಯ ಟೇಪ್ ಮತ್ತು ಹೊಸ್ತಿಲ ಚೀಲ ತೆಗೆದಿಡಿ, ಕಂಬಳಿ ಬಿಸಿಲಿಗೆ ಹಾಕಿ ಬೇವಿನ ಸೊಪ್ಪಿನೊಂದಿಗೆ ಮಡಚಿಡಿ, ಪೂರ್ವದ ಕಿಟಕಿಗಳನ್ನು ರಾತ್ರಿ ತೆರೆಯಲು ಶುರು ಮಾಡಿ. ಶೀಟಿನ ಕೆಳಗಿನ ಪದರವನ್ನು ಮಾತ್ರ ಮುಟ್ಟಬೇಡಿ. ಏಪ್ರಿಲ್ ಮಧ್ಯಾಹ್ನ ಅದೇ ಶೀಟಿನ ಕಾವನ್ನು ನಿಮ್ಮ ತಲೆಗೆ ಇಳಿಯಗೊಡದೆ ತಡೆಯುವುದೂ ಅದೇ.